ಈಜುಕೊಳದ ಏಣಿ

ಭಾನುವಾರ ಬೆಳಗ್ಗೆ ಕುಳ್ಳನ ಮನೆಗೆ ಹೋದರೆ ಮಧ್ಯಾಹ್ನದ ಊಟಕ್ಕೆ ನಾನು ವಾಪಸ್ ಬರೋದಿಲ್ಲ ಅಂತ ನನ್ನ ಹೆಂಡತಿಗೆ ಗೊತ್ತು. ಅವತ್ತು ನನ್ನ ಪಾಲಿನ ಅಕ್ಕಿ ಕುಕ್ಕರಿಗೆ ಬೀಳೋದೇ ಇಲ್ಲ. ಕುಳ್ಳ ಅಂದರೆ ಕುಳ್ಳಗಿಲ್ಲ, ಆರಡಿಗೆ ಒಂದಿಂಚು ಕಮ್ಮಿ. ಹಾಸ್ಟೆಲ್ಲಿನಲ್ಲಿ ಸದಾ ಬಾಂಡ್ ಸಿನಿಮಾ ನೋಡ್ತಾ ಕೂತಿರುತ್ತಿದ್ದ. ದ್ವಾರಕೀಶರ 'ಕುಳ್ಳ ಏಜೆಂಟ್ 000' ನೆನಪಲ್ಲಿ ಯಾರೋ ಆ ಹೆಸರಿಟ್ಟರು. ಏಜೆಂಟ್ ಉದುರಿಹೋಯಿತು, ಕುಳ್ಳ ಉಳಿದುಕೊಂಡಿತು.

ನಾವಿಬ್ಬರೂ ಒಂದೇ ಕಾಲೇಜು, ಒಂದೇ ಹಾಸ್ಟೆಲ್ಲು, ಆಮೇಲೆ ಆರು ವರ್ಷ ಒಂದೇ ಕಂಪನಿ. ಹಳ್ಳಿಯಿಂದ ಬಂದ ನನಗೆ ಕಂಪ್ಯೂಟರ್ ಗೇಮು ಅಂತ ಒಂದಿದೆ ಅಂತ ತೋರಿಸಿದವನೇ ಅವನು. 2004ರಲ್ಲಿ ನಾನು ಮೊದಲ ಸಲ 'ವೈಸ್ ಸಿಟಿ' ಆಡಿದಾಗ ಸಿಗ್ನಲ್ ಕೆಂಪಿದ್ದರೆ ಕಾರು ನಿಲ್ಲಿಸುತ್ತಿದ್ದೆ. ಇಡೀ ರೂಮು ಬಿದ್ದು ಬಿದ್ದು ನಕ್ಕಿತ್ತು. ಈಗಲೂ ಸೇರಿದರೆ ಅದೇ ಮಾತು: ಯಾವ ಸೀರಿಯಲ್ಲು ಹಳ್ಳ ಹಿಡೀತು, ಯಾವ ಸಿನಿಮಾದಲ್ಲಿ ಹ್ಯಾಕಿಂಗ್ ಸೀನು ನಗು ತರಿಸುತ್ತೆ, ಬ್ಯಾಟ್‌ಮ್ಯಾನ್ ದುಡ್ಡಿಲ್ಲದೆ ಹುಟ್ಟಿದ್ದರೆ ಏನಾಗ್ತಿದ್ದ. ಮೂವತ್ತು ದಾಟಿದ ಇಬ್ಬರು ಗಂಡಸರು ಮಾಡೋ ಮಾತೇ ಇದು ಅಂತ ಅವನಮ್ಮ ಒಳಗಿಂದ ಬೈತಾ ಇರುತ್ತಾರೆ. ಬೈತಾನೇ ಕಾಫಿ ಕೊಡುತ್ತಾರೆ.

2018ರ ಜನವರಿಯ ಒಂದು ಭಾನುವಾರ 'ಬ್ಲ್ಯಾಕ್ ಮಿರರ್' ಸರಣಿಯ 'ಯುಎಸ್ಎಸ್ ಕ್ಯಾಲಿಸ್ಟರ್' ನೋಡಿದೆವು. ನೋಡದವರಿಗೆ ಎರಡು ಮಾತು. ರಾಬರ್ಟ್ ಡೇಲಿ ಅಂತ ಒಬ್ಬ ಪ್ರೋಗ್ರಾಮರ್. ಗೇಮು ಕಟ್ಟಿದವನೇ ಅವನು, ಆದರೂ ಆಫೀಸಿನಲ್ಲಿ ಯಾರೂ ಅವನಿಗೆ ಕಿಮ್ಮತ್ತು ಕೊಡೋದಿಲ್ಲ. ಅವನು ಸಹೋದ್ಯೋಗಿಗಳ ಡಿಎನ್ಎ ಕದ್ದು ತನ್ನ ಖಾಸಗಿ ಗೇಮಿನೊಳಗೆ ಅವರ ನಕಲುಗಳನ್ನು ಮಾಡಿಟ್ಟುಕೊಂಡಿದ್ದಾನೆ. ಸಂಜೆ ಮನೆಗೆ ಹೋದ ಮೇಲೆ ಅಲ್ಲಿ ಅವನೇ ಕ್ಯಾಪ್ಟನ್. ಮಾತು ಕೇಳದವರಿಗೆ ಚಿತ್ರಹಿಂಸೆ.

ಮುಗಿದ ಮೇಲೆ ಕುಳ್ಳ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ನಕ್ಕು, "ನಾನೂ ಮಾಡಿದ್ದೆ ಕಣೋ ಇದನ್ನ" ಅಂದ.

"ಏನು, ಡಿಎನ್ಎ ಕದ್ದೆಯಾ?"

"ಅಷ್ಟು ಟ್ಯಾಲೆಂಟ್ ಎಲ್ಲಿಂದ ಬರಬೇಕು. 'ಸಿಮ್ಸ್'ನಲ್ಲಿ. ಇಡೀ ಟೀಮನ್ನ ಮಾಡಿದ್ದೆ."

'ದ ಸಿಮ್ಸ್' ಅನ್ನೋದು ಗೊಂಬೆ ಮನೆಯ ಆಟ. ಮನೆ ಕಟ್ಟಬೇಕು, ಮನುಷ್ಯರನ್ನು ಮಾಡಬೇಕು, ಅವರಿಗೆ ಉಣ್ಣಿಸಬೇಕು, ಮಲಗಿಸಬೇಕು, ಕೆಲಸಕ್ಕೆ ಕಳಿಸಬೇಕು. ಇದನ್ನು ಮಾಡಿದ ವಿಲ್ ರೈಟ್ ಅವರ ಮನೆ 1991ರಲ್ಲಿ ಕ್ಯಾಲಿಫೋರ್ನಿಯಾದ ಓಕ್ಲೆಂಡಿನ ಕಾಡ್ಗಿಚ್ಚಿಗೆ ಸುಟ್ಟುಹೋಗಿತ್ತು. ಮತ್ತೆ ಸಂಸಾರ ಹೂಡುವಾಗ ಒಂದು ಮನೆಗೆ ಏನೇನು ಬೇಕು ಅಂತ ಯೋಚಿಸುತ್ತಾ ಹುಟ್ಟಿದ್ದು ಈ ಆಟ. ಅಂಥ ಆಟವನ್ನು ಜಗತ್ತಿನ ತುಂಬ ಹುಡುಗರು ಯಾತಕ್ಕೆ ಬಳಸಿದರು ಅಂದರೆ, ಮನುಷ್ಯನನ್ನು ಈಜುಕೊಳಕ್ಕಿಳಿಸಿ ಏಣಿ ತೆಗೆಯೋದಕ್ಕೆ. ಮೊದಲೆರಡು ಆವೃತ್ತಿಗಳಲ್ಲಿ ಏಣಿ ಇಲ್ಲದೆ ಆ ಗೊಂಬೆಗಳಿಗೆ ಹತ್ತೋಕೆ ಬರೋದಿಲ್ಲ. ಈಜಿ ಈಜಿ ಸುಸ್ತಾಗಿ ಮುಳುಗುತ್ತವೆ. ಅಂಗಳದಲ್ಲಿ ಒಂದು ಸಮಾಧಿ ಕಲ್ಲು ಉಳಿಯುತ್ತೆ.

"ಮ್ಯಾನೇಜರನ್ನ ಮುಳುಗಿಸಿದೆಯಾ?" ಅಂದೆ. ನನಗೆ ಖುಷಿಯಾಗಿತ್ತು.

"ಹೂಂ. ಅವನದು ಕಾಮನ್ ಬಿಡು."

"ಮತ್ತೆ ಯಾರ್ಯಾರು?"

ಕುಳ್ಳ ಲೋಟದ ತಳದ ಕಾಫಿ ನೋಡುತ್ತಾ, "ನಿನ್ನೂ" ಅಂದ.

ತಮಾಷೆ ಅಂದುಕೊಂಡೆ. ಅಲ್ಲ. 2014ರ ಜುಲೈಯಲ್ಲಿ ಕಂಪನಿಯವರು 'ಸಿಮ್ಸ್ 2' ಇಡೀ ಸಂಗ್ರಹವನ್ನು ಪುಕ್ಕಟೆ ಕೊಟ್ಟಿದ್ದರಲ್ಲ, ಆಗ ಇಳಿಸಿಕೊಂಡಿದ್ದನಂತೆ. ಆ ಜುಲೈಯಲ್ಲಿ ನಾನು ಅಮೆರಿಕದ ಒಹಾಯೊದಲ್ಲಿದ್ದೆ. ಆನ್‌ಸೈಟ್ ಹೋಗಿ ಒಂದು ತಿಂಗಳಾಗಿತ್ತು. ನಾನಲ್ಲಿ ಇಂಡಿಯನ್ ಸ್ಟೋರಿನ ಉಪ್ಪಿನಕಾಯಿ ಜೊತೆ ಮೊಸರನ್ನ ತಿನ್ನುತ್ತಿದ್ದ ಹೊತ್ತಿಗೆ ಇಲ್ಲಿ ಬನಶಂಕರಿಯ ಎರಡನೇ ಮಹಡಿಯಲ್ಲಿ ನನ್ನ ಥರದ್ದೇ ಕನ್ನಡಕ, ನನ್ನ ಥರದ್ದೇ ಗೆರೆ ಅಂಗಿ ಹಾಕಿದ ಒಬ್ಬನು ನೀರಲ್ಲಿ ಕೈ ಬಡೀತಿದ್ದ.

ಹೇಳೋಕೆ ನಾಚಿಕೆ ಆಗುತ್ತೆ, ನನಗೆ ನೋವಾಯಿತು. ಆಗಬಾರದು. ನಾನು ಬರೆಯೋದೇ ಕೋಡು. ಆ ಗೊಂಬೆಯೊಳಗೆ ಏನಿದೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹಸಿವು ಅಂತ ಒಂದು ಸಂಖ್ಯೆ, ನಿದ್ದೆ ಅಂತ ಒಂದು ಸಂಖ್ಯೆ, ಎರಡೂ ಸೊನ್ನೆ ಕಡೆಗೆ ಇಳಿಯುತ್ತಾ ಇರುತ್ತವೆ. ಸಾಯೋದು ಅಂದರೆ ಒಂದು ಷರತ್ತು ನಿಜವಾಗೋದು, ಅಷ್ಟೆ. ಆದರೂ ಅವತ್ತು ಊಟಕ್ಕೆ ನಿಲ್ಲದೆ ಮನೆಗೆ ಬಂದೆ. ಅಕ್ಕಿ ಹಾಕಿರಲಿಲ್ಲ, ಬ್ರೆಡ್ ತಿಂದೆ.

ಮುಂದಿನ ವಾರವೆಲ್ಲ ವಾಟ್ಸಾಪಿನಲ್ಲಿ ವಾದ. ಕುಳ್ಳನದು ಸರಳ ನಿಲುವು. "ಡೇಲಿ ಮಾಡಿದ್ದು ತಪ್ಪು, ಯಾಕಂದ್ರೆ ಒಳಗಿದ್ದೋರಿಗೆ ನೋವಾಗ್ತಿತ್ತು. ನನ್ನ ಕೊಳದಲ್ಲಿ ಯಾರೂ ಇರಲಿಲ್ಲ. ಯಾರೂ ಇಲ್ಲದ ಕಡೆ ಕೊಲೆ ಹೆಂಗಾಗುತ್ತೆ ಮಗಾ?" ಅದಕ್ಕೆ ನಾನು 'ವೆಸ್ಟ್‌ವರ್ಲ್ಡ್' ಎತ್ತಿದೆ. ಅಲ್ಲಿ ದುಡ್ಡು ಕೊಟ್ಟು ಬಂದವರು ರೋಬೋಟುಗಳನ್ನು ಕೊಂದು ಮಜಾ ಮಾಡುತ್ತಾರೆ, ಒಳಗೆ ಯಾರೂ ಇಲ್ಲ ಅನ್ನೋ ಧೈರ್ಯದಲ್ಲಿ. ಆಮೇಲೆ ನೋಡಿದರೆ ಇದ್ದಾರೆ. "ಅದು ಎಚ್‌ಬಿಒ, ಇದು ನನ್ನ ಹಳೇ ಡೆಲ್ ಲ್ಯಾಪ್‌ಟಾಪು. ಅದರೊಳಗೆ ಬರೋದಾದ್ರೆ ಜಿರಲೆ ಮಾತ್ರ ಬರುತ್ತೆ" ಅಂದ. ಸರಿ, ಒಪ್ಪಿದೆ.

ಯಾರಿಗೂ ನೋವಾಗದ ಮೇಲೆ ತಪ್ಪಿಲ್ಲ ಅನ್ನೋದು ನಮ್ಮ ತಲೆಮಾರಿಗೆ ಎಲ್ಲದಕ್ಕೂ ಹೊಂದುವ ಕೀಲಿಕೈ. ನನಗೂ ಅದೇ ಅಭ್ಯಾಸ. ಆದರೆ ಆ ಕೀಲಿ ಒಂದು ಕಡೆ ಸಿಕ್ಕಿಹಾಕಿಕೊಳ್ಳುತ್ತೆ. 2009ರಲ್ಲಿ ಮಾರ್ಗನ್ ಲಕ್ ಅನ್ನೋ ತತ್ವಶಾಸ್ತ್ರಜ್ಞ ಒಂದು ಪ್ರಶ್ನೆ ಕೇಳಿದರು. ಗೇಮಿನಲ್ಲಿ ಕೊಲ್ಲೋದು ಸರಿ, ಯಾಕೆಂದರೆ ನಿಜವಾಗಿ ಯಾರೂ ಸಾಯೋದಿಲ್ಲ ಅನ್ನುತ್ತೀರಲ್ಲ, ಹಾಗಾದರೆ ಗೇಮಿನಲ್ಲಿ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಮಾಡೋದೂ ಅದೇ ಲೆಕ್ಕದಲ್ಲಿ ಸರಿಯಾಗಬೇಕಲ್ಲ? ಅಲ್ಲೂ ನಿಜವಾದ ಮಗು ಇಲ್ಲ. ಇದನ್ನು ಕಳಿಸಿದಾಗ ಕುಳ್ಳ ಬಹಳ ಹೊತ್ತು ಉತ್ತರ ಬರೆಯಲಿಲ್ಲ. ಕೊನೆಗೆ ಬಂದಿದ್ದು ಇಷ್ಟು: "ಛೀ. ಅದು ಬೇರೆ." ಬೇರೆ ಅನ್ನೋದು ನನಗೂ ಗೊತ್ತು. ಯಾಕೆ ಬೇರೆ ಅಂತ ಹೇಳೋಕೆ ಹೋದರೆ 'ಯಾರಿಗೂ ನೋವಾಗಿಲ್ಲ' ಅನ್ನೋ ಮಾತನ್ನು ಕೈಬಿಡಬೇಕಾಗುತ್ತೆ. ಅಂದರೆ ಆಡುವವನ ಒಳಗೆ ಏನು ನಡೀತಿದೆ ಅನ್ನೋದೂ ಲೆಕ್ಕಕ್ಕೆ ಬರುತ್ತೆ.

ಕಾಂಟ್ ಇಂಥದ್ದೇ ಒಂದು ಮಾತು ಪ್ರಾಣಿಗಳ ಬಗ್ಗೆ ಹೇಳಿದ್ದ. ನಾಯಿಗೆ ನಾವು ನೇರವಾಗಿ ಏನೂ ಋಣ ಕೊಡಬೇಕಿಲ್ಲ, ಆದರೆ ಮುದಿ ನಾಯಿಗೆ ಗುಂಡು ಹೊಡೆಯುವವನು ತನ್ನೊಳಗಿನ ಮನುಷ್ಯತ್ವವನ್ನು ಕೆಡಿಸಿಕೊಳ್ಳುತ್ತಾನೆ ಅಂತ. ನನಗೆ ಇದು ಅರ್ಧ ಮಾತ್ರ ಹಿಡಿಸುತ್ತೆ. ನಾಯಿ ಇಲ್ಲಿ ಬರೀ ಅಭ್ಯಾಸದ ವಸ್ತು ಆಗಿಬಿಡುತ್ತೆ, ಅದರ ನೋವಿಗೆ ಜಾಗವೇ ಇಲ್ಲ. ಇನ್ನು ಗೇಮಿಗೆ ಇದನ್ನು ಹಚ್ಚಿದರೆ, ನಮ್ಮ ಹಾಸ್ಟೆಲ್ಲಿನಲ್ಲಿ ಹಗಲೂ ರಾತ್ರಿ ವೈಸ್ ಸಿಟಿಯಲ್ಲಿ ಜನರ ಮೇಲೆ ಕಾರು ಹತ್ತಿಸಿದ ಹುಡುಗರು ಈಗ ಮಕ್ಕಳನ್ನು ಸ್ಕೂಲಿಗೆ ಬಿಟ್ಟು ಇಪ್ಪತ್ತರ ಸ್ಪೀಡಿನಲ್ಲಿ ವಾಪಸ್ ಬರುತ್ತಾರೆ. ಯಾರೂ ಕೆಟ್ಟಹಾಗೆ ಕಾಣೋದಿಲ್ಲ.

ನನಗೆ ಆ ವಾರ ಪದೇ ಪದೇ ನೆನಪಾಗಿದ್ದು ಕಾಂಟ್ ಅಲ್ಲ, ಬೂದುಗುಂಬಳ.

ನಮ್ಮೂರಲ್ಲಿ ಮಾರಿಹಬ್ಬಕ್ಕೆ ಕುರಿ ಕೋಳಿ ಕಡಿಯುತ್ತಿದ್ದರು. ಪ್ರಾಣಿಬಲಿ ತಡೆಯೋ ಕಾನೂನು ಕರ್ನಾಟಕದಲ್ಲಿ 1959ರಿಂದಲೂ ಇದೆ, ಊರವರೂ ಇದ್ದರು. ನಮ್ಮ ಮನೆಯಲ್ಲಿ ಮಾತ್ರ ಅಜ್ಜನ ಕಾಲದಿಂದ ಕುಂಬಳಕಾಯಿ. ಆಯುಧಪೂಜೆ ದಿನ ನಿಮ್ಮ ಆಫೀಸಿನ ಬಾಗಿಲಲ್ಲಿ ಒಡೀತಾರಲ್ಲ, ಅದೇ. ತೂತು ಕೊರೆದು ಒಳಗೆ ಕುಂಕುಮ ತುಂಬಬೇಕು. ಕಡಿದಾಗ ಕೆಂಪಗೆ ಚೆಲ್ಲಬೇಕು. ನಮ್ಮಜ್ಜಿ ಅಡುಗೆಗೆ ತಂದ ಇಡೀ ಬೂದುಗುಂಬಳಕ್ಕೂ ತಾನು ಮೊದಲ ಏಟು ಹಾಕುತ್ತಿರಲಿಲ್ಲ, ಗಂಡಸರು ಯಾರಾದರೂ ಬರೋವರೆಗೆ ಕಾಯುತ್ತಿದ್ದಳು. "ಅದು ಕಾಯಲ್ಲ ಮಗ, ಕಾಯಿ ಲೆಕ್ಕಕ್ಕಿಲ್ಲ" ಅನ್ನುತ್ತಿದ್ದಳು.

ನನಗೆ ಹನ್ನೆರಡು ತುಂಬಿದ ವರ್ಷ ಅಪ್ಪ ಮಚ್ಚನ್ನು ನನ್ನ ಕೈಗೆ ಕೊಟ್ಟರು. ಒಂದೇ ಏಟಿಗೆ ಎರಡು ಹೋಳಾಗಬೇಕು, ಎರಡನೇ ಏಟು ಹಾಕಬಾರದು. ಆಯಿತು. ಕುಂಕುಮದ ನೀರು ನನ್ನ ಕಾಲ ಮೇಲೆ ಹಾರಿತು. ಆ ಕ್ಷಣದಲ್ಲಿ ನನಗೆ ಭಯವಾಗಲಿಲ್ಲ, ಖುಷಿಯಾಯಿತು. ಮೈ ಜುಮ್ಮೆಂದಿತು. ಇನ್ನೊಂದು ಕಾಯಿ ಇದ್ದರೆ ಅದನ್ನೂ ಕಡಿಯುತ್ತಿದ್ದೆ. ಅದು ತರಕಾರಿ ಒಡೆದ ಖುಷಿ ಅಲ್ಲ ಅಂತ ನನಗೆ ಆಗಲೇ ಗೊತ್ತಿತ್ತು. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

ಪಿಯುಸಿಯಲ್ಲಿ ನಮ್ಮ ಕನ್ನಡ ಮೇಷ್ಟ್ರು ಒಂದು ದಿನ ಪಾಠ ಬಿಟ್ಟು ಜನ್ನನ ಕಥೆ ಹೇಳಿದರು. ಹೊಯ್ಸಳರ ಕಾಲದ ಕವಿ, 1209ರ ಹೊತ್ತಿಗೆ 'ಯಶೋಧರ ಚರಿತೆ' ಬರೆದವನು. ರಾಣಿ ಅಮೃತಮತಿ ವಿಕಾರ ಮೈಯ ಮಾವಟಿಗನ ಹಾಡಿಗೆ ಮರುಳಾಗುತ್ತಾಳೆ. ರಾಜ ಯಶೋಧರ ಅದನ್ನು ಕಣ್ಣಾರೆ ನೋಡಿಯೂ ಅವರನ್ನು ಕೊಲ್ಲುವುದಿಲ್ಲ. ಅಮ್ಮನ ಹತ್ತಿರ ಕೆಟ್ಟ ಕನಸು ಬಿತ್ತು ಅಂತ ಸುಳ್ಳು ಹೇಳುತ್ತಾನೆ. ಅಮ್ಮ, ದೋಷಕ್ಕೆ ಬಲಿ ಕೊಡು ಅನ್ನುತ್ತಾಳೆ. ಇವನು ಕೊಲ್ಲಲಾರೆ ಅನ್ನುತ್ತಾನೆ. ಹಾಗಾದರೆ ಹಿಟ್ಟಿನಲ್ಲಿ ಹುಂಜ ಮಾಡಿ ಅದನ್ನೇ ಕೊಡು ಅನ್ನೋದು ಅವಳ ರಾಜಿ. ಕತ್ತಿ ಬಿದ್ದಾಗ ಆ ಹಿಟ್ಟಿನ ಹುಂಜ ಕೂಗಿಬಿಡುತ್ತೆ. ಆ ಒಂದು ಏಟಿಗೆ ತಾಯಿ ಮಗ ಇಬ್ಬರೂ ನವಿಲಾಗಿ, ನಾಯಿಯಾಗಿ, ಮತ್ತೆ ಏನೇನೋ ಆಗಿ ಜನ್ಮ ಜನ್ಮ ಸಾಯುತ್ತಾರೆ. ಗಿರೀಶ ಕಾರ್ನಾಡರು 'ಹಿಟ್ಟಿನ ಹುಂಜ' ನಾಟಕ ಬರೆದಿದ್ದು ಇದೇ ಕಥೆಯಿಂದ.

ಹದಿನೇಳರ ವಯಸ್ಸಿನಲ್ಲಿ ನಮಗೆಲ್ಲ ಇದು ಅನ್ಯಾಯ ಅನ್ನಿಸಿತ್ತು. ಕೊಂದಿದ್ದು ಹಿಟ್ಟನ್ನ ಅಲ್ವಾ ಸಾರ್ ಅಂತ ಯಾರೋ ಕೇಳಿದರು. ಮೇಷ್ಟ್ರು, "ಹಿಟ್ಟನ್ನ ಕೊಲ್ಲೋಕಾಗುತ್ತೇನೋ? ಅವನು ಕಡಿದದ್ದು ಹುಂಜನ್ನೇ. ಹಿಟ್ಟು ಕೈಗೆ ಸಿಕ್ಕಿದ್ದು ಅಷ್ಟೆ" ಅಂದರು. ಸಂಕಲ್ಪ ಹಿಂಸೆ ಅನ್ನೋ ಪದ ಬೋರ್ಡಿನ ಮೇಲೆ ಬರೆದರು. ಜೈನರು ಹಿಂಸೆಯನ್ನು ಎರಡು ಮಾಡಿದ್ದಾರೆ, ಕೈ ಮಾಡೋದು ದ್ರವ್ಯಹಿಂಸೆ, ಮನಸ್ಸು ಮಾಡೋದು ಭಾವಹಿಂಸೆ ಅಂತ.

ಇದನ್ನೆಲ್ಲ ನಾನು ಕುಳ್ಳನಿಗೆ ಭಾರೀ ಉತ್ಸಾಹದಲ್ಲಿ ಟೈಪ್ ಮಾಡಿ ಕಳಿಸಿದೆ. ಎಂಟುನೂರು ವರ್ಷದ ಹಿಂದೆಯೇ ನಿನ್ನ ಕೇಸು ತೀರ್ಮಾನ ಆಗಿದೆ ಅಂತ. ಅವನು ಕೇಳಿದ: "ಸರಿ, ಯಶೋಧರ ಹಿಟ್ಟಿನ ಹುಂಜ ಕಡೀದೆ ಹೋಗಿದ್ರೆ ಏನ್ ಕಡೀತಿದ್ದ?"

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನ ಮನೆಯಲ್ಲಿ ಹೆಂಡತಿಯಿದ್ದಳು, ಮಾವಟಿಗನಿದ್ದ, ಅವನ ಕೈಯಲ್ಲಿ ಕತ್ತಿಯಿತ್ತು.

ಆ ರಾತ್ರಿ ನಿದ್ದೆ ಬಾರದೆ 'ಅಂಡರ್‌ಟೇಲ್' ತೆಗೆದೆ. 2015ರಲ್ಲಿ ಬಂದ ಆಟ, ಟೋಬಿ ಫಾಕ್ಸ್ ಮಾಡಿದ್ದು. ಯಾರನ್ನೂ ಕೊಲ್ಲದೆಯೂ ಅದನ್ನು ಮುಗಿಸಬಹುದು. ಶುರುವಿನಲ್ಲೇ ಟೊರಿಯಲ್ ಅನ್ನೋ ತಾಯಿಯಂಥವಳು ಸಿಗುತ್ತಾಳೆ. ನಿನಗೆ ಹೊರಗೆ ಅಪಾಯ, ಹೋಗಬೇಡ ಅಂತ ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ. ಮೊದಲ ಸಲ ಆಡಿದಾಗ ನನಗೆ ಬೇರೆ ದಾರಿ ಗೊತ್ತಾಗದೆ ಅವಳನ್ನು ಕೊಂದುಬಿಟ್ಟಿದ್ದೆ. ಹೊಟ್ಟೆ ತೊಳಸಿದಂತಾಗಿ ಆಟ ಮುಚ್ಚಿ, ಹಿಂದಿನ ಸೇವ್‌ನಿಂದ ಶುರು ಮಾಡಿ ಈ ಸಲ ಉಳಿಸಿದೆ. ಮುಂದೆ ಒಂದು ಹೂವು ಬರುತ್ತೆ, ಹಲ್ಲು ಕಿರಿಯೋ ಹೂವು. ನೀನು ಮೊದಲು ಏನು ಮಾಡಿದೆ ಅಂತ ನನಗೆ ಗೊತ್ತು, ಪಶ್ಚಾತ್ತಾಪ ಆಗಿ ವಾಪಸ್ ಬಂದೆ ಅನ್ನೋದೂ ಗೊತ್ತು ಅನ್ನುತ್ತೆ. ಕುರ್ಚಿಯಲ್ಲಿ ಹಿಂದಕ್ಕೆ ಸರಿದಿದ್ದೆ. ಒಳಗಿನ ಗುಟ್ಟು ಸಣ್ಣದು, ಸೇವ್ ಫೈಲಿನ ಹೊರಗೆ ಇನ್ನೊಂದು ಕಡೆ ಆ ಕೊಲೆಯನ್ನು ಬರೆದಿಟ್ಟುಕೊಳ್ಳುತ್ತೆ. ಎಲ್ಲರನ್ನೂ ಕೊಂದು ಮುಗಿಸಿದವನಿಗಂತೂ, ಆಮೇಲೆ ಹೊಸದಾಗಿ ಶುರು ಮಾಡಿ ಎಷ್ಟು ಒಳ್ಳೆಯವನಾಗಿ ಆಡಿದರೂ ಕೊನೆಯ ದೃಶ್ಯದಲ್ಲಿ ಕಲೆ ಉಳಿದಿರುತ್ತೆ.

ಈ ಸಲ ಟೊರಿಯಲ್‌ವರೆಗೂ ಹೋಗಲಿಲ್ಲ. ಮುಖಪುಟ ನೋಡುತ್ತಾ ಕೂತೆ. ಯಾಕೆಂದರೆ ನನ್ನ ಹತ್ತಿರವೂ ಸೇವ್ ಫೈಲಿನ ಹೊರಗೆ ಬರೆದಿಟ್ಟ ಒಂದು ಸಾಲಿತ್ತು. ಇಷ್ಟು ದಿನ ವಾದ ಮಾಡುವಾಗ ಅದರ ಸುತ್ತಲೇ ಓಡಾಡುತ್ತಿದ್ದೆ.

2014ರಲ್ಲಿ ನನ್ನ ಮತ್ತು ಕುಳ್ಳನ ಪಾಸ್‌ಪೋರ್ಟು ಎರಡರಲ್ಲೂ ವೀಸಾ ಕೂತಿತ್ತು. ಹೋಗೋ ಜಾಗ ಒಂದು. ಅವನಿಗೆ ಅಕ್ಕನ ಮದುವೆ ಸಾಲವಿತ್ತು. ನನಗೆ ಊರಲ್ಲಿ ಸೋರುವ ಹೆಂಚಿನ ಮನೆಯಿತ್ತು. ಇಬ್ಬರೂ ಪರಸ್ಪರ, "ಯಾರು ಹೋದ್ರೂ ಖುಷಿನೇ ಬಿಡು" ಅಂದುಕೊಂಡಿದ್ದೆವು. ಒಂದು ಸಂಜೆ ಪ್ಯಾಂಟ್ರಿಯಲ್ಲಿ ಕಾಫಿ ಮಷಿನ್ ಹತ್ತಿರ ಮ್ಯಾನೇಜರ್ ಸುಮ್ಮನೆ ಕೇಳಿದಂತೆ ಕೇಳಿದ. ನಿನ್ನ ಫ್ರೆಂಡು ಕ್ಲೈಂಟ್ ಎದುರು ಒಬ್ಬನೇ ನಿಭಾಯಿಸ್ತಾನಾ? ನಾನು ಕಪ್ಪಿಗೆ ಸಕ್ಕರೆ ಹಾಕುತ್ತಾ, "ಟೆಕ್ನಿಕಲಿ ತುಂಬ ಸ್ಟ್ರಾಂಗು. ಕ್ಲೈಂಟ್ ಜೊತೆ ಮಾತಾಡೋವಾಗ ಸ್ವಲ್ಪ..." ಅಂದೆ. ಅಷ್ಟೇ. ವಾಕ್ಯ ಮುಗಿಸಲೂ ಇಲ್ಲ. ಮ್ಯಾನೇಜರ್ ತಲೆಯಾಡಿಸಿದ. ಹತ್ತು ದಿನಕ್ಕೆ ನನ್ನ ಟಿಕೆಟ್ ಬಂತು.

ಆ ಮಾತು ಸುಳ್ಳಲ್ಲ. ಕುಳ್ಳ ಕಾನ್ಫರೆನ್ಸ್ ಕಾಲಿನಲ್ಲಿ ತಡವರಿಸುತ್ತಿದ್ದ. ನಾನೂ ತಡವರಿಸುತ್ತಿದ್ದೆ, ಅದನ್ನು ಹೇಳಲಿಲ್ಲ. ಅವನ ಜಾಗ ಕಿತ್ತುಕೊಳ್ಳಬೇಕು ಅಂತ ಯೋಚಿಸಿ ಆಡಿದ ಮಾತಾ? ಇವತ್ತಿಗೂ ಖಚಿತವಾಗಿ ಹೇಳಲಾರೆ. ಕತ್ತಿ ಎತ್ತಿದ ನೆನಪಿಲ್ಲ, ಆದರೆ ಆ 'ಸ್ವಲ್ಪ'ದ ಮುಂದೆ ನಿಲ್ಲಿಸಿದ ನೆನಪು ಚೆನ್ನಾಗಿದೆ. ಜೈನರ ತತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣ ಹೇಳುವಾಗ ಪ್ರಮತ್ತ ಅನ್ನೋ ಪದ ಬರುತ್ತೆ. ದ್ವೇಷವೇ ಬೇಕಿಲ್ಲ, ಎಚ್ಚರಗೇಡಿತನದಿಂದ ಜೀವ ಹೋದರೂ ಅದು ಹಿಂಸೆಯೇ. ಒಂಬತ್ತು ತಿಂಗಳ ಡಾಲರಿನಲ್ಲಿ ಊರಿನ ಮನೆಗೆ ಆರ್‌ಸಿಸಿ ಹಾಕಿಸಿದೆ. ಗೃಹಪ್ರವೇಶಕ್ಕೆ ಕುಳ್ಳ ಬಂದು ಎರಡು ದಿನ ಇದ್ದು ಊಟ ಬಡಿಸಿದ. ಬಾಗಿಲಲ್ಲಿ ಕುಂಬಳಕಾಯಿ ಒಡೆದಿದ್ದೂ ನಾನೇ.

ಅವನು ಪಿಕ್ಸೆಲ್ಲಿನ ನನ್ನನ್ನು ಮುಳುಗಿಸಿದ್ದಕ್ಕೆ ಒಂದು ವಾರ ನಾನು ಜನ್ನನನ್ನು ಕರೆತಂದು ಪಂಚಾಯಿತಿ ಮಾಡಿದ್ದೆ.

ಮುಂದಿನ ಶನಿವಾರ ಕುಳ್ಳನನ್ನು ದರ್ಶಿನಿಗೆ ಕರೆದೆ. ನಿಂತುಕೊಂಡು ತಿನ್ನೋ ಕಡೆ ಹೇಳೋದು ಸುಲಭ ಅನ್ನಿಸಿತ್ತು. ಸುಲಭ ಆಗಲಿಲ್ಲ. ಇಡ್ಲಿ ಮುಗಿದು ವಡೆಗೆ ಬಂದಾಗ ಹೇಳಿದೆ. ಕಾಫಿ ಮಷಿನ್, ಸಕ್ಕರೆ, ಅರ್ಧ ವಾಕ್ಯ, ಎಲ್ಲ. ಅವನು ವಡೆಯನ್ನು ಸಾಂಬಾರಿನಲ್ಲಿ ಅದ್ದಿದವನು ಹಾಗೇ ಹಿಡಿದುಕೊಂಡಿದ್ದ.

"ಗೊತ್ತು ಕಣೋ" ಅಂದ.

"ಏನ್ ಗೊತ್ತು?"

"ನೀನು ಹೋದ ವಾರಾನೇ ಹೇಳ್ದ ಅವನು. ನಿನ್ ಫ್ರೆಂಡೇ ಹಂಗಂದ ಅಂತ. ನಾನು ಬೇಜಾರಾಗಿ ಕೇಳೋಕೆ ಹೋಗಿದ್ದೆ, ತಪ್ಪಿಸ್ಕೊಳ್ಳೋಕೆ ಹೇಳ್ಬಿಟ್ಟ."

ನಾಲ್ಕು ವರ್ಷ ಹತ್ತಿರ ಹತ್ತಿರ. ಅಷ್ಟು ಭಾನುವಾರ. ಗೃಹಪ್ರವೇಶ.

"ಮತ್ತೆ ಯಾಕೆ ಏನೂ ಕೇಳಲಿಲ್ಲ ನನ್ನ?"

"ಕೇಳೋಣ ಅಂತಾನೇ ಇದ್ದೆ. ಫೋನ್ ಮಾಡಿ ಬೈಯೋಣ, ಅಮ್ಮ ಅಕ್ಕ ಅಂತೆಲ್ಲ ಬೈದು ಮುಗಿಸಿಬಿಡೋಣ ಅಂತ ನಂಬರ್ ತೆಗೀತಿದ್ದೆ ದಿನಾ ರಾತ್ರಿ. ಅಷ್ಟೊತ್ತಿಗೆ ಆ ಗೇಮ್ ಫ್ರೀ ಸಿಕ್ತು." ವಡೆ ಬಾಯಿಗಿಟ್ಟುಕೊಂಡ. "ಅವತ್ತು ಅಲ್ಲಿ ಮುಳುಗಿಸದೇ ಇದ್ದಿದ್ರೆ ಇವತ್ತು ನಿನ್ ಜೊತೆ ನಿಂತ್ಕೊಂಡು ತಿಂತಾ ಇರ್ತಿರಲಿಲ್ಲ."

ಹಾಗಾದರೆ ನೀನು ಮಾಡಿದ್ದು ಸರಿ ಅನ್ನಬೇಕಾ ಅಂತ ಕೇಳಿದೆ. ಅದನ್ನೂ ಒಪ್ಪಲಿಲ್ಲ. ಆ ಗೊಂಬೆ ಕೈ ಬಡಿಯೋದನ್ನು ನೋಡುತ್ತಾ ಕೂತಾಗ ತನಗೆ ಹಿತವಾಗಿತ್ತಂತೆ, ಆ ಹಿತ ಜ್ಞಾಪಕ ಬಂದರೆ ಈಗಲೂ ಮೈ ಒಂಥರಾ ಆಗುತ್ತಂತೆ. ಹಾಸ್ಟೆಲ್ಲಿನಲ್ಲಿ ಮುನ್ನೂರು ಜನರ ಮೇಲೆ ಕಾರು ಹತ್ತಿಸಿದಾಗ ಹಾಗೆ ಆಗಿರಲಿಲ್ಲ, ಯಾಕೆಂದರೆ ಅವರಲ್ಲಿ ಯಾರಿಗೂ ಹೆಸರಿರಲಿಲ್ಲ ಅಂದ. ನಾನು ಹನ್ನೆರಡರ ವಯಸ್ಸಿನ ಕುಂಬಳಕಾಯಿ ಕಥೆ ಹೇಳಿದೆ. ಇಬ್ಬರೂ ಕೈ ತೊಳೆದುಕೊಂಡು ಬಂದು ಕಾಫಿ ತಗೊಂಡೆವು. ಸ್ವಲ್ಪ ಹೊತ್ತು ಇಬ್ಬರೂ ರಸ್ತೆ ನೋಡಿದೆವು.

"ಎಷ್ಟು ಸಲ ಮುಳುಗಿಸಿದೆ?" ಅಂದೆ.

"ಮೂರು."

"ಮೂರಾ!"

"ಮೂರನೇ ಸಲ ಏಣಿ ತೆಗೆಯೋದು ಮರ್ತು ಅಮ್ಮ ಕರೆದ್ರು ಅಂತ ಊಟಕ್ಕೆ ಹೋಗ್ಬಿಟ್ಟೆ. ವಾಪಸ್ ಬಂದು ನೋಡಿದ್ರೆ ನೀನು ಮೇಲೆ ಹತ್ತಿ, ಮನೆಯೊಳಗೆ ಟಿವಿ ಹಾಕ್ಕೊಂಡು ಕೂತಿದ್ದೆ. ಸರಿ ಬಿಡು ಅಂತ ಲ್ಯಾಪ್‌ಟಾಪ್ ಮುಚ್ಚಿದೆ."